ಹುಟ್ಟುದೋಣಿಯ ಮೇಲಣ ಶುಲ್ಕ: ಅಮೆರಿಕದ ಸಂಸ್ಥಾನಗಳಲ್ಲಿ ಒಂದು ಹಳೆಯ ವಿವಾದ

ಎಂಜಿನಿನ ಸಹಾಯವಿಲ್ಲದೆ, ಕೈಯಲ್ಲಿ ಹಿಡಿದ ಹುಟ್ಟಿನಿಂದಲೇ ನಡೆಯುವ ಸಣ್ಣ ದೋಣಿಗಳನ್ನು ಸರ್ಕಾರದಲ್ಲಿ ನೋಂದಾಯಿಸಿ, ಅದಕ್ಕಾಗಿ ಒಡೆಯನು ಶುಲ್ಕ ತೆರಬೇಕೆ ಎಂಬ ಪ್ರಶ್ನೆಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅನೇಕ ವರ್ಷಗಳಿಂದ ಚರ್ಚೆಗೆ ಬರುತ್ತಿದೆ. ಅಲ್ಲಿ ಈ ಬಗೆಯ ದೋಣಿಗಳು ಮುಖ್ಯವಾಗಿ ಎರಡು: ತೆರೆದ ಮೈಯ ಕೆನೂ, ಮತ್ತು ಮೇಲ್ಭಾಗವನ್ನು ಮುಚ್ಚಿ ಒಬ್ಬನು ಕುಳಿತುಕೊಳ್ಳುವಷ್ಟೇ ತೆರಪನ್ನು ಬಿಟ್ಟಿರುವ ಕಯಾಕ್. ಓಹಾಯೋ ಸಂಸ್ಥಾನದಲ್ಲಿ ಇವೆರಡಕ್ಕೂ ನೋಂದಣಿ ಕಡ್ಡಾಯವಾಗಿದೆ. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಎರಡಕ್ಕೂ ಇಲ್ಲ. ಮಿನ್ನೆಸೋಟದಲ್ಲಿ ದೋಣಿಯ ಉದ್ದವು 10 ಅಡಿಯನ್ನು ಮೀರಿದರೆ ನೋಂದಣಿ ಬೇಕು, ಅಯೋವದಲ್ಲಿ 13 ಅಡಿಯನ್ನು ಮೀರಿದರೆ ಬೇಕು. ಒಂದೇ ನದಿಯ ಎರಡು ದಡಗಳಲ್ಲಿ ಎರಡು ನ್ಯಾಯ ನಡೆಯುತ್ತಿರುವುದನ್ನು ಸಂತ ಕ್ರಾಯ್ ನದಿಯಲ್ಲಿ ಕಾಣಬಹುದು. ಅದರ ಪಶ್ಚಿಮದ ದಡ ಮಿನ್ನೆಸೋಟಕ್ಕೂ ಪೂರ್ವದ ದಡ ವಿಸ್ಕಾನ್ಸಿನ್ನಿಗೂ ಸೇರಿದ್ದು.

ಮೇಲುನೋಟಕ್ಕೆ ಇದು ಕೆಲವು ಡಾಲರುಗಳ ಮಾತು. ಇತಿಹಾಸದ ವಿದ್ಯಾರ್ಥಿಗಳು ಇದಕ್ಕಾಗಿ ಕಾಲವನ್ನು ವ್ಯಯಮಾಡಬೇಕೆ ಎಂದು ಓದುಗರು ಕೇಳಿದರೆ ಅದು ಸಹಜವೇ. ಆದರೆ ಈ ವಿವಾದದಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತಾರೆ. ಶುಲ್ಕವನ್ನು ವಿರೋಧಿಸುವವರು, 'ಈ ನೀರುಗಳು ಎಂದೆಂದಿಗೂ ಮುಕ್ತವೆಂದು ನಮ್ಮ ಹಿರಿಯರು ಬರೆದುಕೊಟ್ಟಿದ್ದಾರೆ' ಎನ್ನುತ್ತಾರೆ. ಶುಲ್ಕವನ್ನು ಬಯಸುವವರು, 'ದೋಣಿಯೆಂದ ಮೇಲೆ ದೋಣಿಯೇ; ಉಳಿದ ದೋಣಿಗಳಿಗೆ ಇರುವ ಕಟ್ಟಳೆಯಿಂದ ಇದಕ್ಕೆ ಮಾತ್ರ ವಿನಾಯಿತಿ ಏಕೆ' ಎನ್ನುತ್ತಾರೆ. ಎರಡೂ ಮಾತುಗಳನ್ನು ದಾಖಲೆಗಳ ಬೆಳಕಿನಲ್ಲಿ ಪರೀಕ್ಷಿಸಿದರೆ ಎರಡೂ ಅರ್ಧ ನಿಜವೆಂದು ನಮಗೆ ತೋರಿದೆ. ಆ ಪರೀಕ್ಷೆಯ ಫಲವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ದೋಣಿಯ ವಿಷಯ. ಕೆನೂ ಮತ್ತು ಕಯಾಕ್‌ಗಳು ಐರೋಪ್ಯರು ಆ ಖಂಡಕ್ಕೆ ತಂದವುಗಳಲ್ಲ, ಅಲ್ಲಿ ಕಂಡು ಕಲಿತವು. ಉತ್ತರದ ಹಿಮಪ್ರದೇಶದ ಇನ್ಯುಯಿಟ್ ಜನರು ಮರದ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಕಯಾಕ್ ಮಾಡುತ್ತಿದ್ದರು. ಮಹಾಸರೋವರಗಳ ಸುತ್ತಣ ಒಜಿಬ್ವೆ ಮೊದಲಾದ ಜನಾಂಗಗಳು ದೇವದಾರು ಜಾತಿಯ ಮರದ ತೆಳುವಾದ ಪಕ್ಕೆಗಳ ಮೇಲೆ ಬರ್ಚ್ ಮರದ ತೊಗಟೆಯನ್ನು ಹೊದಿಸಿ, ಸ್ಪ್ರೂಸ್ ಮರದ ಬೇರಿನಿಂದ ಹೊಲಿದು, ಅಂಟಿನಿಂದ ಸಂದುಗಳನ್ನು ಮುಚ್ಚಿ ಕೆನೂ ಕಟ್ಟುತ್ತಿದ್ದವು. ಬರ್ಚ್ ಎಂದರೆ ನಮ್ಮ ಭೂರ್ಜದ ಕುಲದ ಮರವೇ. ಕಾಶ್ಮೀರದಲ್ಲಿ ಯಾವ ತೊಗಟೆಯ ಮೇಲೆ ಪಂಡಿತರು ಗ್ರಂಥಗಳನ್ನು ಬರೆದರೋ ಆ ಜಾತಿಯ ತೊಗಟೆಯಿಂದ ಅಲ್ಲಿಯವರು ನದಿಗಳನ್ನು ದಾಟಿದರು. ಕನ್ನಡಿಗರಿಗೆ ಇಂಥ ಹಗುರವಾದ ದೋಣಿ ಅಪರಿಚಿತವೇನೂ ಅಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಾದ, ಹೊರಗೆ ಚರ್ಮವನ್ನು ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನೂ, ಅವು ನೇರವಾಗಿ ಸಾಗದೆ ಸುತ್ತುತ್ತ ಹೋಗುತ್ತಿದ್ದುದನ್ನೂ ವರ್ಣಿಸಿದ್ದಾನೆ. ಅದು ನಮ್ಮ ಹರಿಗೋಲು. ಹರಿಗೋಲಿನಂತೆಯೇ ಕೆನೂ ಕೂಡ ನೀರಿನಲ್ಲಿ ಮನುಷ್ಯನನ್ನು ಹೊರುತ್ತದೆ, ನೆಲದ ಮೇಲೆ ಮನುಷ್ಯನು ಅದನ್ನು ಹೊರುತ್ತಾನೆ. ಈ ಗುಣವು ಮುಂದೆ ನಮ್ಮ ವಾದಕ್ಕೆ ಬೇಕಾಗುತ್ತದೆ.

ಕೆನೂವಿನ ಸಂಬಂಧದಲ್ಲಿ ಸರ್ಕಾರದ ಅಪ್ಪಣೆಚೀಟಿಯು ಹುಟ್ಟಿದ್ದು ಆಧುನಿಕ ಸಂಸ್ಥಾನಗಳ ಕಾಲದಲ್ಲಿ ಎಂದು ತಿಳಿಯಬಾರದು. 1681ರಲ್ಲಿ ಫ್ರಾನ್ಸಿನ ಅರಸನ ಮಂತ್ರಿ ಕೋಲ್ಬೇರನ ಆಡಳಿತದಲ್ಲಿ, ಕೆನಡದ ಒಳನಾಡಿಗೆ ತುಪ್ಪುಳಿನ ವ್ಯಾಪಾರಕ್ಕೆ ಹೋಗುವವರಿಗೆ 'ಕೊಂಜೆ' ಎಂಬ ರಹದಾರಿ ಪದ್ಧತಿ ಏರ್ಪಟ್ಟಿತು. ವರ್ಷಕ್ಕೆ 25 ರಹದಾರಿಗಳು; ಒಂದೊಂದು ರಹದಾರಿಗೆ ಒಂದು ಕೆನೂ, ಅದರಲ್ಲಿ ಮೂವರು ಆಳುಗಳು. ರಹದಾರಿಯಿಲ್ಲದೆ ಕಾಡು ಹೊಕ್ಕು ವ್ಯಾಪಾರ ನಡೆಸಿದವರೂ ಬಹಳ ಮಂದಿ ಇದ್ದರು. ಅವರ ಹೆಸರು ಆ ನಾಡಿನ ಜನಪದದಲ್ಲಿ ಅಧಿಕಾರಿಗಳ ಹೆಸರಿಗಿಂತ ಹೆಚ್ಚು ಕಾಲ ಉಳಿದಿದೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರಹದಾರಿಯಲ್ಲಿ ದೋಣಿಯನ್ನು ಎಣಿಸಿದ್ದು ನಿಜ. ಆದರೆ ಅದರ ಗುರಿ ದೋಣಿಯಲ್ಲ, ವ್ಯಾಪಾರ. ಒಂದು ಕೆನೂ ಎಂದರೆ ಇಷ್ಟು ಹೊರೆ ಸರಕು ಎಂಬ ಲೆಕ್ಕದಲ್ಲಿ ದೋಣಿಯನ್ನು ಅಳತೆಯ ಮಾನವಾಗಿ ಬಳಸಿದರೇ ಹೊರತು, ಬರಿದೆ ನೀರಿನ ಮೇಲೆ ಸಾಗಿದ್ದಕ್ಕಾಗಿ ಅದರಿಂದ ಏನನ್ನೂ ಕೇಳಲಿಲ್ಲ. 1696ರಲ್ಲಿ ಈ ರಹದಾರಿಗಳನ್ನು ನಿಲ್ಲಿಸಲಾಯಿತು.

ಇನ್ನು ವಿರೋಧಪಕ್ಷದವರು ಆಧಾರವಾಗಿ ಹಿಡಿಯುವ ಮೂಲ ದಾಖಲೆಗೆ ಬರೋಣ. 1787ರ ಜುಲೈ 13ರಂದು, ಅಮೆರಿಕದ ಇಂದಿನ ಸಂವಿಧಾನವು ಜಾರಿಗೆ ಬರುವ ಮೊದಲೇ, ನ್ಯೂಯಾರ್ಕಿನಲ್ಲಿ ಸೇರಿದ್ದ ಒಕ್ಕೂಟದ ಕಾಂಗ್ರೆಸ್ಸು ಓಹಾಯೋ ನದಿಯ ವಾಯವ್ಯಕ್ಕಿದ್ದ ವಿಶಾಲ ಸೀಮೆಯ ಆಡಳಿತಕ್ಕಾಗಿ ಒಂದು ಶಾಸನವನ್ನು ಹೊರಡಿಸಿತು. ಮುಂದೆ ಓಹಾಯೋ (1803), ಇಂಡಿಯಾನ (1816), ಇಲಿನಾಯ್ (1818), ಮಿಷಿಗನ್ (1837), ವಿಸ್ಕಾನ್ಸಿನ್ (1848) ಸಂಸ್ಥಾನಗಳೂ ಮಿನ್ನೆಸೋಟದ (1858) ಪೂರ್ವಭಾಗವೂ ಉದಿಸಿದ್ದು ಈ ಸೀಮೆಯಿಂದಲೇ. ಆ ಶಾಸನದ ನಾಲ್ಕನೆಯ ವಿಧಿಯ ಕೊನೆಯಲ್ಲಿ, ಮಿಸಿಸಿಪ್ಪಿಗೂ ಸಂತ ಲಾರೆನ್ಸ್ ನದಿಗೂ ಸೇರುವ ಸಂಚಾರಯೋಗ್ಯವಾದ ನೀರುಗಳೂ, ಅವುಗಳ ನಡುವಣ ಹೊರುದಾರಿಗಳೂ ಸರ್ವಸಾಮಾನ್ಯವಾದ ಹೆದ್ದಾರಿಗಳಾಗಿ ಎಂದೆಂದಿಗೂ ಮುಕ್ತವಾಗಿರತಕ್ಕದ್ದೆಂದೂ, ಅವುಗಳಿಗಾಗಿ ಯಾವ ತೆರಿಗೆಯನ್ನೂ ಸುಂಕವನ್ನೂ ವಿಧಿಸಕೂಡದೆಂದೂ ಹೇಳಿದೆ.

ಇಲ್ಲಿ 'ಹೊರುದಾರಿ' ಎಂಬ ಮಾತಿನ ಮೇಲೆ ನಾವು ಸ್ವಲ್ಪ ನಿಲ್ಲಬೇಕು. ಎರಡು ನದಿಗಳ ನಡುವೆ ನೆಲವು ಅಡ್ಡ ಬಂದಾಗ ದೋಣಿಯನ್ನೂ ಸರಕನ್ನೂ ಹೆಗಲ ಮೇಲೆ ಹೊತ್ತು ದಾಟುವ ಹಾದಿಗೆ ಅಲ್ಲಿ ಈ ಹೆಸರು. ಮಾರ್ಕೆತ್ ಮತ್ತು ಜೋಲಿಯೆ ಎಂಬ ಫ್ರೆಂಚರು 1673ರ ಜೂನಿನಲ್ಲಿ ಫಾಕ್ಸ್ ನದಿಯಿಂದ ವಿಸ್ಕಾನ್ಸಿನ್ ನದಿಗೆ ತಮ್ಮ ಕೆನೂಗಳನ್ನು ಹೊತ್ತು ದಾಟಿ ಮಿಸಿಸಿಪ್ಪಿಯನ್ನು ಸೇರಿದ್ದು ಇಂಥ ಸುಮಾರು ಒಂದೂವರೆ ಮೈಲಿಯ ದಾರಿಯಲ್ಲಿ. ಅವರಿಗೆ ಹಾದಿ ತೋರಿದವರು ಆ ನೆಲದ ಮೂಲನಿವಾಸಿಗಳು. ಈಗ ಅಲ್ಲಿರುವ ಊರಿನ ಹೆಸರೇ ಪೋರ್ಟೆಜ್, ಅಂದರೆ ಹೊರುದಾರಿ. ಹಾಯಿ ಹಡಗನ್ನು ಹೆಗಲ ಮೇಲೆ ಹೊರಲಾಗದು. ಸರಕು ತುಂಬುವ ಚಪ್ಪಟೆ ದೋಣಿಯನ್ನೂ ಹೊರಲಾಗದು. ಹೊರುದಾರಿಗಳನ್ನು ಹೆದ್ದಾರಿಯೆಂದು ಸಾರಿದ ಶಾಸನಕರ್ತರ ಕಣ್ಣಮುಂದೆ ಇದ್ದದ್ದು ತೊಗಟೆಯ ಕೆನೂ ಮತ್ತು ಅದರ ಜಾತಿಯ ಹಗುರ ದೋಣಿಗಳೇ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಹೀಗಿರಲು, ಮುಕ್ತಜಲದ ವಾಗ್ದಾನವು ಹುಟ್ಟುದೋಣಿಗೆ ಅನ್ವಯಿಸುವುದಿಲ್ಲವೆಂದು ವಾದಿಸುವವರು ದಾಖಲೆಯನ್ನು ಪೂರ್ತಿಯಾಗಿ ಓದಿದವರಲ್ಲ.

ಈ ವಾಗ್ದಾನವನ್ನು ಕೊಟ್ಟಿದ್ದು ಯಾರಿಗೆ ಎಂಬುದೂ ದಾಖಲೆಯಲ್ಲೇ ಇದೆ: ಆ ಸೀಮೆಯ ನಿವಾಸಿಗಳಿಗೆ, ಸಂಯುಕ್ತ ಸಂಸ್ಥಾನಗಳ ಪ್ರಜೆಗಳಿಗೆ, ಮುಂದೆ ಒಕ್ಕೂಟಕ್ಕೆ ಸೇರುವ ಸಂಸ್ಥಾನಗಳವರಿಗೆ. ದೋಣಿಯನ್ನು ಕಂಡುಹಿಡಿದ ಮೂಲಜನಾಂಗಗಳಿಗೆ ಅದೇ ಶಾಸನದ ಮೂರನೆಯ ವಿಧಿಯಲ್ಲಿ ಬೇರೊಂದು ಮಾತನ್ನು ಕೊಡಲಾಗಿತ್ತು. ಅವರ ನೆಲವನ್ನೂ ಆಸ್ತಿಯನ್ನೂ ಅವರ ಒಪ್ಪಿಗೆಯಿಲ್ಲದೆ ಎಂದಿಗೂ ಕಸಿದುಕೊಳ್ಳುವುದಿಲ್ಲವೆಂದು. ಆ ಮಾತು ಎಷ್ಟರಮಟ್ಟಿಗೆ ನಡೆಯಿತೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಇತಿಹಾಸ ಬಲ್ಲವರಿಗೆ ಹೇಳಬೇಕಾಗಿಲ್ಲ. 'ಎಂದೆಂದಿಗೂ' ಎಂಬ ಪದವನ್ನು ಇಂದು ಎತ್ತಿಹಿಡಿಯುವವರು ಮೂರನೆಯ ವಿಧಿಯಲ್ಲಿಯೂ ಅಂಥದೇ ಪದವಿದ್ದುದನ್ನು ನೆನೆಯಬಹುದು.

ಹಾಗಾದರೆ 1787ರ ವಾಗ್ದಾನದಿಂದ ಶುಲ್ಕವು ಅನೂರ್ಜಿತವಾಗುವುದೆ? ಈ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದೆ. 1883ರಲ್ಲಿ ಎಸ್ಕನಾಬ ಕಂಪನಿಗೂ ಷಿಕಾಗೋ ನಗರಕ್ಕೂ ನಡೆದ ವ್ಯಾಜ್ಯದಲ್ಲಿ, ನದಿಯ ಮೇಲಣ ಎತ್ತುಸೇತುವೆಗಳನ್ನು ಕೆಲವು ಹೊತ್ತು ಮುಚ್ಚಿಡುವ ಅಧಿಕಾರ ನಗರಕ್ಕಿದೆಯೆ ಎಂಬ ಪ್ರಶ್ನೆ ಎದ್ದಿತು. ಇಲಿನಾಯ್ ಸಂಸ್ಥಾನವು ಉಳಿದ ಸಂಸ್ಥಾನಗಳೊಡನೆ ಸಮಾನವಾದ ಪದವಿಯಲ್ಲಿ ಒಕ್ಕೂಟಕ್ಕೆ ಸೇರಿದಾಗಲೇ ಹಳೆಯ ಸೀಮೆಯ ಶಾಸನವು ಅದನ್ನು ಕಟ್ಟಿಹಾಕುವ ಶಕ್ತಿಯನ್ನು ಕಳೆದುಕೊಂಡಿತೆಂದು ನ್ಯಾಯಾಲಯವು ಹೇಳಿತು.

ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದದ್ದು 1886ರ ಹ್ಯೂಸ್ ಮತ್ತು ಗ್ಲೋವರ್ ಮೊಕದ್ದಮೆ. ಇಲಿನಾಯ್ ನದಿಯಲ್ಲಿ ಬೇಸಗೆಯ ಹೊತ್ತಿಗೆ ನೀರಿನ ಆಳ ಸಾಲದೆ ಹಡಗುಗಳು ನಿಲ್ಲುತ್ತಿದ್ದವು. ಸಂಸ್ಥಾನವು ತನ್ನ ಹಣದಿಂದ ಹೆನ್ರಿ ಮತ್ತು ಕಾಪರಾಸ್ ಕ್ರೀಕ್ ಎಂಬ ಸ್ಥಳಗಳಲ್ಲಿ ಅಣೆಗಳನ್ನೂ, ಹಡಗುಗಳನ್ನು ಏರಿಸಿ ಇಳಿಸುವ ಲಾಕ್ ಎಂಬ ಜಲದ್ವಾರಗಳನ್ನೂ ಕಟ್ಟಿಸಿ, ಅವುಗಳ ಮೂಲಕ ಸಾಗುವ ಹಡಗುಗಳಿಂದ ಹಣ ವಸೂಲುಮಾಡಿತು. ಚಳಿಗಾಲದಲ್ಲಿ ನದಿಯ ಮಂಜುಗಡ್ಡೆಯನ್ನು ಕಡಿದು ಕೂಡಿಟ್ಟು ಕೆಳನಾಡಿಗೆ ಸಾಗಿಸಿ ಮಾರುತ್ತಿದ್ದ ವ್ಯಾಪಾರಿಗಳು ಇದರ ಮೇಲೆ ದಾವೆ ಹೂಡಿದರು. ಮುಕ್ತವೆಂದು ಸಾರಿದ ನದಿಯಲ್ಲಿ ಸುಂಕವೆ ಎಂಬುದು ಅವರ ಪ್ರಶ್ನೆ. ಹಡಗಿನ ಭಾರದ ಮೇಲೆ ಯಾವ ಸಂಸ್ಥಾನವೂ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಸುಂಕ ಹಾಕಕೂಡದೆಂಬ ಸಂವಿಧಾನದ ನಿಷೇಧವನ್ನೂ ಅವರು ಎತ್ತಿದರು. ನ್ಯಾಯಾಲಯವು ಅವರ ವಾದವನ್ನು ಒಪ್ಪಲಿಲ್ಲ. ಜನರು ಕಟ್ಟಿದ ಸೌಕರ್ಯವನ್ನು ಬಳಸಿದ್ದಕ್ಕೆ ಪ್ರತಿಫಲವಾಗಿ ಕೊಡುವ ಹಣ ಬೇರೆ, ನದಿಯಲ್ಲಿ ಸಂಚರಿಸಿದ್ದಕ್ಕಾಗಿಯೇ ಹೇರುವ ಸುಂಕ ಬೇರೆ ಎಂದು ತೀರ್ಪಿತ್ತಿತು. ಮರುವರ್ಷ ಮಿಷಿಗನ್ನಿನ ಮನಿಸ್ಟೀ ನದಿಯಲ್ಲಿ ತೇಲಿಬಿಡುವ ಮರದ ದಿಮ್ಮಿಗಳ ಸುಂಕದ ಮೊಕದ್ದಮೆಯಲ್ಲಿಯೂ ಇದೇ ನ್ಯಾಯವನ್ನು ಅನುಸರಿಸಲಾಯಿತು.

ಈ ತೀರ್ಪುಗಳನ್ನು ಶುಲ್ಕದ ಪಕ್ಷದವರು ತಮ್ಮ ಗೆಲುವೆಂದು ಎಣಿಸುವುದುಂಟು. ನಮಗೆ ಹಾಗೆ ತೋರುವುದಿಲ್ಲ. ತೀರ್ಪು ಮುಚ್ಚಿದ ಬಾಗಿಲು ಒಂದು. ಅದು ತೆರೆದ ಪ್ರಶ್ನೆ ಇನ್ನೊಂದು. ಪ್ರತಿಫಲವೆಂದು ಕರೆಸಿಕೊಳ್ಳಬೇಕಾದರೆ ಹಿಂದೆ ಒಂದು ಸೌಕರ್ಯ ಇರಲೇಬೇಕು. ಹಡಗಿಗೆ ಜಲದ್ವಾರ ಬೇಕು, ಹೂಳೆತ್ತಿದ ಕಾಲುವೆ ಬೇಕು, ದೀಪಸ್ತಂಭ ಬೇಕು. ನಾಲ್ಕು ಅಂಗುಲ ನೀರಿದ್ದರೆ ತೇಲುವ ಕೆನೂವಿಗೆ ಇವಾವುವೂ ಬೇಡ. ಅಣೆಕಟ್ಟು ಅದಕ್ಕೆ ಸೌಕರ್ಯವಾಗುವುದಿರಲಿ, ಬಹುಮಟ್ಟಿಗೆ ಅಡಚಣೆಯೇ. ಅಲ್ಲಿ ಇಳಿದು ಮತ್ತೆ ಹೆಗಲಿಗೆ ಏರಿಸಬೇಕು. ಹಾಗಾದರೆ ಅದು ಯಾವುದಕ್ಕೆ ಪ್ರತಿಫಲ ಕೊಡಬೇಕು?

ಈ ವಿವೇಕವು ಅಮೆರಿಕದ ನ್ಯಾಯಾಧೀಶರಿಗೆ ಮಾತ್ರ ಹೊಳೆದದ್ದಲ್ಲ ಎಂಬುದನ್ನು ಹೇಳಲು ಒಂದು ಕ್ಷಣ ಮೂಲವಿಷಯದಿಂದ ಸರಿಯುತ್ತೇವೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳಿದೆ. ಅರಸನ ದೋಣಿಯಲ್ಲಿ ಪ್ರಯಾಣಮಾಡುವವರು ಯಾತ್ರಾವೇತನವನ್ನು ಕೊಡಬೇಕು. ಶಂಖ ಮುತ್ತುಗಳನ್ನು ಸಂಗ್ರಹಿಸುವವರು ಅರಸನ ದೋಣಿಯನ್ನು ಹಿಡಿದರೆ ಬಾಡಿಗೆ ತೆರಬೇಕು, ಇಲ್ಲವೆ ತಮ್ಮ ಸ್ವಂತ ದೋಣಿಗಳಲ್ಲಿ ಹೋಗಬಹುದು. ಮುದುಕರು, ಮಕ್ಕಳು, ರೋಗಿಗಳು, ಗರ್ಭಿಣಿಯರು ಮೊದಲಾದವರಿಗೆ ವಿನಾಯಿತಿಯುಂಟು. ಆ ಗ್ರಂಥವು ಬೊಕ್ಕಸದ ವಿಷಯದಲ್ಲಿ ಉದಾರವೆಂದು ಯಾರೂ ಹೇಳಲಾರರು. ಮೀನುಗಾರರಿಂದ ಆರರಲ್ಲಿ ಒಂದು ಪಾಲನ್ನು ಅದು ಬಿಡದೆ ಕೇಳುತ್ತದೆ. ಆದರೂ ಅರಸನ ದೋಣಿ, ಸ್ವಂತ ದೋಣಿ ಎಂಬ ಭೇದವನ್ನು ಅದು ಮರೆತಿಲ್ಲ. ನಮ್ಮ ಭಾಷೆಯಲ್ಲಿ 'ಸುಂಕ'ವು 'ಶುಲ್ಕ'ದ ತದ್ಭವ. ಮೂಲದಲ್ಲಿ ಎರಡೂ ಒಂದೇ ಪದ. ಇಂದು ಮಾತ್ರ ಒಂದನ್ನು ಸೇವೆಗೆ ಕೊಡುವ ಹಣಕ್ಕೂ ಇನ್ನೊಂದನ್ನು ಗಡಿಯಲ್ಲಿ ಕೀಳುವ ಹಣಕ್ಕೂ ಬಳಸುತ್ತೇವೆ. ಶುಲ್ಕವು ಸುಂಕವಾಗುವುದಕ್ಕೆ ಬಹಳ ಕಾಲ ಬೇಡವೆಂದು ವ್ಯಾಕರಣವೇ ಹೇಳುತ್ತದೆ.

ಇನ್ನು ಪ್ರತಿಪಕ್ಷದ ಮಾತು, ಎಲ್ಲ ದೋಣಿಗಳಿಗೂ ನೋಂದಣಿ ಮೊದಲಿಂದ ಇತ್ತೆಂಬುದು. ಇದಕ್ಕೆ ದಾಖಲೆಗಳಲ್ಲಿ ಆಧಾರವಿಲ್ಲ. 1793ರ ಕಾಯಿದೆಯಂತೆ ಕರಾವಳಿಯ ವ್ಯಾಪಾರಕ್ಕೆ ಪರವಾನೆ ಬೇಕಾಗಿದ್ದುದು 5 ಟನ್ನು ಮತ್ತು ಅದಕ್ಕೆ ಮೇಲ್ಪಟ್ಟ ಹಡಗುಗಳಿಗೆ. 1824ರಲ್ಲಿ ಗಿಬ್ಬನ್ಸ್ ಮತ್ತು ಆಗ್ಡನ್ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಉಗಿಹಡಗಿನ ಏಕಸ್ವಾಮ್ಯವನ್ನು ಮುರಿದದ್ದು ಇದೇ ಪರವಾನೆಯ ಬಲದಿಂದ. ಆದರೆ ಆ ಕಾಯಿದೆಯ ಕಣ್ಣಿಗೆ ಹುಟ್ಟುದೋಣಿ ಬೀಳಲೇ ಇಲ್ಲ. ಸಣ್ಣ ದೋಣಿಗೆ ಸಂಖ್ಯೆಯನ್ನು ಕೊಡುವ ಪದ್ಧತಿ ಬಂದದ್ದು ಮೊದಲನೆಯ ಮಹಾಯುದ್ಧದ ನಡುವೆ, 1918ರ ಜೂನ್ 7ರ ಕಾಯಿದೆಯಿಂದ. ಯಂತ್ರದಿಂದ ನಡೆಯುವ ದೋಣಿಗಳಿಗೆ ಸುಂಕದ ಅಧಿಕಾರಿಗಳು ಸಂಖ್ಯೆಯನ್ನು ಕೊಡತಕ್ಕದ್ದೆಂದು ಅದು ವಿಧಿಸಿತು. 16 ಅಡಿಗಿಂತ ಉದ್ದವಲ್ಲದ ದೋಣಿಗೆ ಬಿಡಿಯಾದ ಎಂಜಿನನ್ನು ತಾತ್ಕಾಲಿಕವಾಗಿ ತಗುಲಿಸಿದ್ದರೆ ಅದಕ್ಕೂ ಸಂಖ್ಯೆ ಬೇಕಾಗಿರಲಿಲ್ಲ. ಎಂಜಿನಿದ್ದ ಸಣ್ಣ ದೋಣಿಯನ್ನೇ ಬಿಟ್ಟ ಕಾಯಿದೆಯು ಎಂಜಿನೇ ಇಲ್ಲದ ದೋಣಿಯನ್ನು ಯೋಚಿಸಿರಲಾರದು.

ಎರಡನೆಯ ಮಹಾಯುದ್ಧದ ಅನಂತರ ಬಿಡಿ ಎಂಜಿನುಗಳು ಅಗ್ಗವಾಗಿ, ಸರೋವರಗಳಲ್ಲಿ ವಿಹಾರದೋಣಿಗಳ ಸಂಖ್ಯೆ ಬೆಳೆದು ಅಪಘಾತಗಳು ಹೆಚ್ಚಿದುವು. ಉತ್ತರ ಕೆರೊಲಿನದ ಹರ್ಬರ್ಟ್ ಬಾನರ್ ಎಂಬ ಪ್ರತಿನಿಧಿಯ ಅಧ್ಯಕ್ಷತೆಯ ಸಮಿತಿಯು ವಿಚಾರಣೆ ನಡೆಸಿತು. ಅದರ ಫಲವಾಗಿ 1958ರ ಸೆಪ್ಟೆಂಬರ್ 2ರಂದು ಒಕ್ಕೂಟದ ದೋಣಿವಿಹಾರದ ಕಾಯಿದೆ ಹುಟ್ಟಿತು. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನಿರುವ ದೋಣಿಗಳಿಗೆ ಸಂಖ್ಯೆ ಕೊಡುವ ಕೆಲಸವನ್ನು ಸಂಸ್ಥಾನಗಳೇ ವಹಿಸಿಕೊಳ್ಳಬಹುದೆಂದೂ, ವಹಿಸಿಕೊಳ್ಳದ ಕಡೆ ಕರಾವಳಿ ರಕ್ಷಣಾದಳವು ಮಾಡುವುದೆಂದೂ ಅದು ಏರ್ಪಡಿಸಿತು. ಸಂಸ್ಥಾನಗಳಲ್ಲಿ ದೋಣಿಯ ನೋಂದಣಿಯ ಕಚೇರಿಯೆಂಬುದು ವ್ಯಾಪಕವಾಗಿ ಬೇರೂರಿದ್ದು ಇಲ್ಲಿಂದ. 1971ರ ಕಾಯಿದೆಯು ಅಶ್ವಶಕ್ತಿಯ ಮಿತಿಯನ್ನು ತೆಗೆದು ಎಂಜಿನಿರುವ ಎಲ್ಲ ದೋಣಿಗಳನ್ನೂ ಒಳಗೆ ತಂದಿತು. ಎಂಜಿನಿಲ್ಲದ ದೋಣಿಯನ್ನು ಸೇರಿಸೆಂದು ಅದು ಹೇಳಲಿಲ್ಲ. ಸಂಸ್ಥಾನವು ತಾನಾಗಿ ಸೇರಿಸಿದರೆ ಬೇಡವೆನ್ನಲೂ ಇಲ್ಲ. ಇಂದಿನ ವೈವಿಧ್ಯವೆಲ್ಲ ಈ ಮೌನದಿಂದ ಹುಟ್ಟಿದ್ದು. ಆದ್ದರಿಂದ ಕೆನೂವಿಗೆ 'ವಿನಾಯಿತಿ' ಎಂಬ ಮಾತೇ ತಪ್ಪು. ಕಟ್ಟಳೆ ಹುಟ್ಟಿದ್ದು ಎಂಜಿನಿನೊಡನೆ; ಎಂಜಿನಿಲ್ಲದ್ದಕ್ಕೆ ಅದನ್ನು ಆಮೇಲೆ ವಿಸ್ತರಿಸಲಾಯಿತು.

ಶಾಸನಸಭೆಗಳಲ್ಲಿ ಹೀಗಾಗುತ್ತಿದ್ದಾಗ ನ್ಯಾಯಾಲಯಗಳಲ್ಲಿ ಕೆನೂವಿಗೆ ವಿಚಿತ್ರವಾದ ಗೌರವವೊಂದು ದೊರೆಯಿತು. ವಿಸ್ಕಾನ್ಸಿನ್ ಸಂಸ್ಥಾನವು 1787ರ ಮುಕ್ತಜಲದ ವಾಕ್ಯವನ್ನು 1848ರ ತನ್ನ ಸಂವಿಧಾನದ ಒಂಬತ್ತನೆಯ ಪರಿಚ್ಛೇದದಲ್ಲಿ ಸೇರಿಸಿಕೊಂಡಿತ್ತು. ಆದಕಾರಣ ಹಳೆಯ ಶಾಸನ ಸತ್ತರೂ ವಾಗ್ದಾನ ಅಲ್ಲಿ ಬದುಕಿತು. 1898ರಲ್ಲಿ ವಿಲ್ಲೋ ನದಿಯ ಇಕ್ಕೆಲದ ನೆಲವನ್ನು ಪಡೆದಿದ್ದ ಬೇಟೆಯ ಕ್ಲಬ್ಬೊಂದು, ದೋಣಿಯಲ್ಲಿ ಬಂದು ಮೀನು ಹಿಡಿದವನ ಮೇಲೆ ಅಕ್ರಮಪ್ರವೇಶದ ಮೊಕದ್ದಮೆ ಹೂಡಿ ಸೋತಿತು. 1952ರ ಮ್ಯುಂಚ್ ಮೊಕದ್ದಮೆಯಲ್ಲಿ ಆ ಸಂಸ್ಥಾನದ ಉಚ್ಚ ನ್ಯಾಯಾಲಯವು ನದಿಯು ಸಾರ್ವಜನಿಕವೆ ಅಲ್ಲವೆ ಎಂಬುದಕ್ಕೆ ಅಳತೆಗೋಲನ್ನು ಕೊಟ್ಟಿತು: ವಿಹಾರಕ್ಕೆ ಬಳಸುವ, ಅತ್ಯಲ್ಪ ಆಳದ ನೀರಿನಲ್ಲಿ ತೇಲುವ ದೋಣಿ ಅಥವಾ ಕೆನೂ ಅಲ್ಲಿ ತೇಲಬಲ್ಲದೆ? ಬಲ್ಲದಾದರೆ ಆ ನೀರು ಎಲ್ಲರದು. ಒಂದು ಹಳ್ಳವನ್ನು ಖಾಸಗಿ ಬೇಲಿಯಿಂದ ಬಿಡಿಸಿ ಜನರಿಗೆ ಒಪ್ಪಿಸುವ ಸಾಕ್ಷಿಯೆಂದರೆ ಅಲ್ಲಿ ಕೆನೂ ತೇಲಿತೆಂಬುದೇ. ಯಾವ ದೋಣಿಯ ಸಾಕ್ಷ್ಯದಿಂದ ನೀರು ಸಾರ್ವಜನಿಕವಾಯಿತೋ ಆ ದೋಣಿಯನ್ನೇ ಸಾರ್ವಜನಿಕ ನೀರಿನ ಬಾಗಿಲಲ್ಲಿ ನಿಲ್ಲಿಸಿ ಹಣ ಕೇಳುವುದು ಸರಿಯಾಗಿ ಕಾಣುವುದಿಲ್ಲವೆಂದು ಹೇಳಲು ನಾವು ಹಿಂಜರಿಯುವುದಿಲ್ಲ. ವಿಸ್ಕಾನ್ಸಿನ್ ಹಾಗೆ ಕೇಳಿಲ್ಲ ಎಂಬುದನ್ನು ಮೊದಲೇ ಹೇಳಿದ್ದೇವೆ.

ಆದರೂ ಶುಲ್ಕದ ಪಕ್ಷದಲ್ಲಿ ತೂಕವುಳ್ಳ ಮಾತುಗಳು ಇಲ್ಲದಿಲ್ಲ. ಹಣದ ಮಾತು ಅವುಗಳಲ್ಲಿ ಮುಖ್ಯವಾದದ್ದು. ಅಮೆರಿಕದಲ್ಲಿ ಮೀನುಗಾರಿಕೆಯ ಸಲಕರಣೆಗಳ ಮೇಲೆ 1950ರ ಡಿಂಗೆಲ್–ಜಾನ್ಸನ್ ಕಾಯಿದೆಯಂತೆ ಬರುವ ತೆರಿಗೆಯೂ, 1984ರ ವಾಲಪ್–ಬ್ರೋ ತಿದ್ದುಪಡಿಯಂತೆ ಯಂತ್ರದೋಣಿಯ ಪೆಟ್ರೋಲಿನ ತೆರಿಗೆಯೂ ಒಂದು ನಿಧಿಗೆ ಸೇರಿ, ಅದರ ಗೊತ್ತಾದ ಪಾಲು ದೋಣಿಗಳನ್ನು ನೀರಿಗೆ ಇಳಿಸುವ ಕಟ್ಟೆಗಳಿಗೆ ವ್ಯಯವಾಗುತ್ತದೆ. ಪೆಟ್ರೋಲನ್ನು ಕೊಳ್ಳದ ಕೆನೂವಿನವನೂ ಅದೇ ಕಟ್ಟೆಯಲ್ಲಿ ಇಳಿಯುತ್ತಾನೆ, ಅಲ್ಲಿಯೇ ತನ್ನ ಕಾರನ್ನು ನಿಲ್ಲಿಸುತ್ತಾನೆ. ಬೇರೆಯವರ ಹಣದಿಂದ ಕಟ್ಟಿದ ಕಟ್ಟೆಯನ್ನು ಬಳಸಿ 'ನಾನು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ' ಎನ್ನುವುದು ನ್ಯಾಯವಲ್ಲ. ಇನ್ನೊಂದು ಸಂಗತಿ: ಜಲಸುರಕ್ಷತೆಗಾಗಿ ಒಕ್ಕೂಟವು ಸಂಸ್ಥಾನಗಳಿಗೆ ಹಂಚುವ ಹಣದ ಮೂರನೆಯ ಒಂದು ಭಾಗವು ಆಯಾ ಸಂಸ್ಥಾನದಲ್ಲಿ ಸಂಖ್ಯೆ ಪಡೆದ ದೋಣಿಗಳ ಎಣಿಕೆಯನ್ನು ಅನುಸರಿಸುತ್ತದೆ, ಸಂಖ್ಯೆಯಿಲ್ಲದ ದೋಣಿ ಆ ಲೆಕ್ಕದ ಹೊರಗೇ ಉಳಿಯುತ್ತದೆ. ಆದರೆ ಅದರಲ್ಲಿದ್ದವನು ಮುಳುಗಿದಾಗ ರಕ್ಷಿಸಲು ಹೋಗುವವರು ಅದೇ ಸಂಸ್ಥಾನದ ನೌಕರರು.

ಪ್ರಾಣರಕ್ಷಣೆಗೆ ನೋಂದಣಿ ಬೇಕೆಂಬ ವಾದವು ಇಷ್ಟು ಗಟ್ಟಿಯಾದದ್ದಲ್ಲ. ಕರಾವಳಿ ರಕ್ಷಣಾದಳದ ವರದಿಯಂತೆ 2023ರಲ್ಲಿ ವಿಹಾರದೋಣಿಗಳ ಅಪಘಾತದಿಂದ 564 ಜನ ಸತ್ತರು. ಕಾರಣ ಗೊತ್ತಾದ ಸಾವುಗಳಲ್ಲಿ ಮುಕ್ಕಾಲು ಭಾಗ ನೀರಿನಲ್ಲಿ ಮುಳುಗಿ ಆದವು. ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಜನ ಲೈಫ್ ಜಾಕೆಟ್ಟನ್ನು ತೊಟ್ಟಿರಲಿಲ್ಲ. ದೋಣಿಯ ಮೈಮೇಲೆ ಬರೆದ ಸಂಖ್ಯೆಯು ಒಡೆಯನ ಮೈಮೇಲೆ ಜಾಕೆಟ್ಟನ್ನು ತೊಡಿಸದು. ಬರಿದೋಣಿ ತೇಲಿಬಂದಾಗ ಅದರ ಒಡೆಯನನ್ನು ಹುಡುಕಲು ಗುರುತು ಬೇಕೆಂಬುದು ನಿಜ; ಗುರುತಿಲ್ಲದ ಒಂದು ಕಯಾಕಿಗಾಗಿ, ಒಳಗೆ ಯಾರಿದ್ದರೋ ಎಂದು ಶೋಧ ನಡೆಸಬೇಕಾಗುತ್ತದೆ. ಆದರೆ ಇದಕ್ಕಾಗಿ ರಕ್ಷಣಾದಳದ ಸಹಾಯಕ ಪಡೆಯವರು ಹೆಸರು ವಿಳಾಸ ಬರೆಯುವ ಚೀಟಿಗಳನ್ನು ಧರ್ಮಾರ್ಥವಾಗಿ ಹಂಚುತ್ತಾರೆ. ಗುರುತು ಬೇಕೆಂಬುದರಿಂದ ಶುಲ್ಕ ಬೇಕೆಂದು ಸಿದ್ಧವಾಗುವುದಿಲ್ಲ.

ಮೂರನೆಯ ವಾದವು ಹೊಸದು. ಜೀಬ್ರಾ ಮಸೆಲ್ ಎಂಬ ಪಟ್ಟೆಯುಳ್ಳ ಸಣ್ಣ ಚಿಪ್ಪುಜೀವಿ 1988ರಲ್ಲಿ ಸಂತ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದು ನೀರಿನ ಕೊಳವೆಗಳನ್ನು ಕಟ್ಟಿ, ಮೀನಿನ ಆಹಾರವನ್ನು ಕಬಳಿಸಿ ಅಪಾರ ನಷ್ಟವನ್ನು ಉಂಟುಮಾಡುತ್ತದೆ. ಅದರ ಹತ್ತಿರದ ಬಂಧುವಾದ ಕ್ವಾಗಾ ಮಸೆಲ್ 2007ರ ಜನವರಿಯಲ್ಲಿ ಪಶ್ಚಿಮದ ಮೀಡ್ ಸರೋವರದಲ್ಲಿ ದೊರೆತಾಗ ಆ ಕಡೆಯ ಸಂಸ್ಥಾನಗಳು ಗಾಬರಿಗೊಂಡವು. ಐಡಹೋ 2009ರಲ್ಲಿಯೂ ಆರೆಗನ್ 2010ರ ಜನವರಿ 1ರಿಂದಲೂ ದೋಣಿಗಳ ತಪಾಸಣೆಗಾಗಿ ಚೀಟಿಯನ್ನು ವಿಧಿಸಿ ಹುಟ್ಟುದೋಣಿಯನ್ನೂ ಅದರಲ್ಲಿ ಸೇರಿಸಿದವು. ಮಸೆಲ್ ಆ ಖಂಡಕ್ಕೆ ಬಂದದ್ದು ಸಾಗರದ ಹಡಗುಗಳು ತೂಕಕ್ಕಾಗಿ ತುಂಬಿ ತರುವ ನೀರಿನಲ್ಲಿ ಎಂದು ತಜ್ಞರ ಅಭಿಪ್ರಾಯ. ತಂದವರು ಯಾರೋ, ತೆರುವವರು ಯಾರೋ ಎಂದು ಕೆನೂವಿನವರು ಗೊಣಗಿದರೆ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದು ಕೊಳದಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ದೋಣಿಗೆ, ಅದು ಎಷ್ಟೇ ಹಗುರವಾಗಿರಲಿ, ಕಳೆ ಕಸ ಅಂಟಿಕೊಂಡು ಹೋಗಬಲ್ಲದು. ತಪಾಸಣೆಯು ನಿಜವಾದ ಸೇವೆ; ಅದರ ವೆಚ್ಚದಲ್ಲಿ ಪಾಲು ಕೇಳುವುದನ್ನು ನಾವು ಆಕ್ಷೇಪಿಸಲಾರೆವು.

ಇವನ್ನೆಲ್ಲ ತೂಗಿ ನೋಡಿದಾಗ ಹ್ಯೂಸ್ ಮೊಕದ್ದಮೆಯ ನ್ಯಾಯವೇ ಇಂದಿಗೂ ಉಪಯುಕ್ತವೆಂದು ನಮ್ಮ ಅಭಿಪ್ರಾಯ. 2002ರಲ್ಲಿ ಅಮೆರಿಕದ ಕಾಂಗ್ರೆಸ್ಸು ಮಾಡಿದ ಕಾಯಿದೆಯಲ್ಲಿಯೂ ಇದರ ಪ್ರತಿಧ್ವನಿಯಿದೆ. ಒಕ್ಕೂಟದ ಅಧಿಕಾರಕ್ಕೆ ಸೇರಿದ ಸಂಚಾರಯೋಗ್ಯ ನೀರಿನಲ್ಲಿ ಸಾಗುವ ಹಡಗುಗಳಿಂದ ಒಕ್ಕೂಟದ ಹೊರತು ಬೇರೆ ಯಾರೂ ತೆರಿಗೆ ಶುಲ್ಕಗಳನ್ನು ತೆಗೆದುಕೊಳ್ಳಕೂಡದು; ಹಡಗಿಗೆ ಸಲ್ಲಿಸಿದ ಸೇವೆಯ ವೆಚ್ಚಕ್ಕಾಗಿಯೇ ವಿನಿಯೋಗವಾಗುವ ಯುಕ್ತವಾದ ಶುಲ್ಕಕ್ಕೆ ಮಾತ್ರ ಅವಕಾಶವುಂಟು ಎಂದು ಅದರ ತಾತ್ಪರ್ಯ. ಈ ಅಳತೆಯಿಂದ ನೋಡಿದರೆ ಸಂಸ್ಥಾನಗಳ ಪದ್ಧತಿಗಳೆಲ್ಲ ಒಂದೇ ತರಗತಿಗೆ ಸೇರುವುದಿಲ್ಲ. ಪೆನ್ಸಿಲ್ವೇನಿಯದಲ್ಲಿ ಹುಟ್ಟುದೋಣಿಗೆ ನೋಂದಣಿಯೋ ಇಳಿಸುವ ಚೀಟಿಯೋ ಬೇಕಾಗುವುದು ಸಂಸ್ಥಾನದ ಮೀನು ಮತ್ತು ದೋಣಿ ಆಯೋಗವು ಕಟ್ಟಿಸಿದ ಕಟ್ಟೆಗಳಲ್ಲಿ, ಸಂಸ್ಥಾನದ ಉದ್ಯಾನಗಳಲ್ಲಿ. ಇದು ಸ್ಥಳಕ್ಕೆ ಕೊಡುವ ಹಣ, ನಮಗೆ ಯುಕ್ತವಾಗಿ ಕಾಣುತ್ತದೆ. ಆರೆಗನ್ 2020ರ ಜನವರಿ 1ರಿಂದ ತನ್ನ ತಪಾಸಣೆಯ ಚೀಟಿಯನ್ನು ವಿಸ್ತರಿಸಿ, ದೋಣಿಗಟ್ಟೆಗಳ ನಿರ್ಮಾಣವನ್ನೂ ಅದರಲ್ಲಿ ಸೇರಿಸಿತು. ಆರಂಭದಲ್ಲಿ ಅದು 10 ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ದೋಣಿಗಳಿಗೆ, ವರ್ಷಕ್ಕೆ 17 ಡಾಲರು, ವಾರಕ್ಕೆ 5 ಡಾಲರು. ಚೀಟಿಯನ್ನು ಒಂದು ದೋಣಿಯಿಂದ ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಬಹುದು. ಅಂದರೆ ಹಣವನ್ನು ಕೇಳಿದ್ದು ನೀರಿಗಿಳಿದಾಗ, ಅಟ್ಟದ ಮೇಲೆ ದೋಣಿಯನ್ನು ಇಟ್ಟುಕೊಂಡಿರುವುದಕ್ಕಲ್ಲ. ಆದರೆ ಸಂಸ್ಥಾನವು ಕಟ್ಟದ ದಡದಲ್ಲಿ ಇಳಿದವನೂ ಚೀಟಿಯನ್ನು ಹೊಂದಿರಬೇಕೆಂಬಲ್ಲಿ ಅದು ಗೆರೆಯನ್ನು ದಾಟಿದೆಯೆಂದು ನಾವು ಭಾವಿಸುತ್ತೇವೆ.

ಇಲಿನಾಯ್ ಸಂಸ್ಥಾನವು ಮೊದಲು ಕೆನೂಗಳನ್ನು ನೋಂದಾಯಿಸುತ್ತಿತ್ತು. 2010ರ ದಶಕದಲ್ಲಿ ಅದಕ್ಕೆ ಬದಲಾಗಿ ಜಲಬಳಕೆಯ ಸ್ಟಾಂಪನ್ನು ತಂದಿತು. ಆಮೇಲೆ ಅದನ್ನೂ ಕೈಬಿಟ್ಟಿತು. ಮಿಷಿಗನ್ನಿನಲ್ಲಿ 2018ರಲ್ಲಿ ನೋಂದಣಿಯ ಸಲಹೆ ಎದ್ದು, ಪ್ರಬಲವಾದ ವಿರೋಧದಿಂದಾಗಿ ಕಾಯಿದೆಯಾಗಲಿಲ್ಲ. ಓಹಾಯೋ ಮಾತ್ರ ತನ್ನ ಪದ್ಧತಿಯನ್ನು ಉಳಿಸಿಕೊಂಡಿದೆ. ಅಲ್ಲಿ ಒಂದು ಕುತೂಹಲಕರವಾದ ಏರ್ಪಾಡುಂಟು. ಕೆನೂ ಕಯಾಕ್‌ಗಳ ಒಡೆಯರು ಸಾಮಾನ್ಯ ಶುಲ್ಕಕ್ಕಿಂತ ಸ್ವಲ್ಪ ಹೆಚ್ಚಾಗಿ ತೆತ್ತರೆ ದೋಣಿಯ ಮೈಮೇಲೆ ದೊಡ್ಡ ಅಕ್ಷರಗಳ ಸಂಖ್ಯೆಯನ್ನು ಬರೆಯಿಸದೆ ಸಣ್ಣ ಚೀಟಿಯೊಂದನ್ನು ಅಂಟಿಸಿಕೊಂಡರೆ ಸಾಕು. 1918ರ ಕಾಯಿದೆಯಲ್ಲಿ ಸಂಖ್ಯೆಯೇ ಉದ್ದೇಶವಾಗಿತ್ತು. ಇಲ್ಲಿ ಸಂಖ್ಯೆಯನ್ನು ಬಿಟ್ಟುಕೊಡಲು ಸಂಸ್ಥಾನವು ಸಿದ್ಧವಾಗಿದೆ, ಹಣವನ್ನು ಬಿಡಲು ಸಿದ್ಧವಾಗಿಲ್ಲ.